ಫೋನ್ ಒತ್ತಿದವರ ಲೆಕ್ಕ

ವೆಬ್‌ಸೈಟ್ ಮಾಡಿಸಿಕೊಂಡವರು ಸ್ವಲ್ಪ ಕಾಲ ಕಳೆದ ಮೇಲೆ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ‘ಎಷ್ಟು ಜನ ನೋಡಿದ್ರು?’ ಶಿವಮೊಗ್ಗದ ದುರ್ಗಿಗುಡಿಯ ಅಂಗಡಿಯವರಿರಲಿ, ತೀರ್ಥಹಳ್ಳಿ ಕಡೆಯ ಹೋಮ್‌ಸ್ಟೇಯವರಿರಲಿ, ಸಾಗರದಲ್ಲಿ ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುವವರಿರಲಿ, ಎಲ್ಲರೂ ಕೇಳುವುದು ಇದನ್ನೇ. ಉತ್ತರ ಕೊಡುವುದು ಸುಲಭ. ಆದರೆ ಆ ಒಂದು ಸಂಖ್ಯೆ ಕೈಗೆ ಬಂದ ಮೇಲೂ ನಾಳೆ ಬೆಳಗ್ಗೆ ಏನು ಬದಲಾಯಿಸಬೇಕು ಅನ್ನುವುದು ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ಮಲೆನಾಡಿನ ಸಣ್ಣ ವ್ಯಾಪಾರ ವೆಬ್‌ಸೈಟಿನಲ್ಲಿ ಮುಗಿಯುವುದಿಲ್ಲ. ಜನ ಅಲ್ಲಿ ನೋಡುತ್ತಾರೆ, ಆಮೇಲೆ ಫೋನ್ ಮಾಡುತ್ತಾರೆ, ಇಲ್ಲವೇ ವಾಟ್ಸಾಪ್‌ನಲ್ಲಿ ‘ರೂಮ್ ಇದೆಯಾ’ ಅಂತ ಕೇಳುತ್ತಾರೆ. ದುಡ್ಡು ಬರುವುದು ಆ ಮಾತುಕತೆಯಿಂದ. ಫೋನ್ ಅಥವಾ ವಾಟ್ಸಾಪ್ ಗುಂಡಿಯ ಆ ಒಂದು ಒತ್ತನ್ನು ಅಳೆಯದೆ ಬೇರೆ ಏನು ಅಳೆದರೂ ನಮ್ಮ ಕಡೆಯವರಿಗೆ ಪ್ರಯೋಜನವಿಲ್ಲ. ಹೋದ ಮಳೆಗಾಲದಲ್ಲಿ ಮಾಡಿದ ಒಂದು ಕೆಲಸವನ್ನು ಇಟ್ಟುಕೊಂಡು ಇದನ್ನು ಬಿಡಿಸಿ ಹೇಳುತ್ತೇನೆ.

ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆ ಒಂದು ಹೋಮ್‌ಸ್ಟೇ ಇದೆ. ಅಡಿಕೆ ತೋಟದ ನಡುವೆ ಹಳೆಯ ಮನೆ, ಪಕ್ಕದಲ್ಲಿ ಅತಿಥಿಗಳಿಗೆಂದು ಕಟ್ಟಿದ ಕೋಣೆಗಳು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆದ ಮೇಲೆ ಆ ದಡದ ಜನಕ್ಕೆ ಸಾಗರದ ಕಡೆ ಬರಲು ಜನ, ವಾಹನ ದಾಟಿಸುವ ಲಾಂಚೇ ಹತ್ತಿರದ ದಾರಿಯಾಗಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆ ಆಯಿತು. ಅದಾಗಿ ಕೆಲವೇ ದಿನಗಳಲ್ಲಿ ಮನೆಯ ಯಜಮಾನರು ಫೋನ್ ಮಾಡಿದರು.

‘ಎಂತ ತಂಗೀ, ಸೇತುವೆ ಆತು, ಸಿಗಂದೂರಿಗೆ ಹೋಗೋ ಕಾರು ಸಾಲು ಸಾಲು ನಿಂತಿದೆ. ನಮಗೆ ಮಾತ್ರ ಫೋನೇ ಬರ್ತಾ ಇಲ್ಲ. ಆ ವೆಬ್‌ಸೈಟ್ ಯಾರಾದ್ರೂ ನೋಡ್ತಾರೋ ಇಲ್ವೋ?’

ಅವರ ವೆಬ್‌ಸೈಟನ್ನು ಹಿಂದೆ ಬೇರೆ ಯಾರೋ ಮಾಡಿಕೊಟ್ಟಿದ್ದರು. ಜಾಡು ಹಿಡಿಯುವ ಉಪಕರಣ ಒಂದೂ ಇರಲಿಲ್ಲ. ಹಾಗಾಗಿ ಮೊದಲು ಕೂತು ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದೆವು. ಬರುವವರು ಎಲ್ಲಿಂದ ಬರುತ್ತಾರೆ, ಗೂಗಲ್‌ನಲ್ಲಿ ಹುಡುಕಿಯೋ, ಇನ್‌ಸ್ಟಾಗ್ರಾಂ ನೋಡಿಯೋ? ಬಂದವರು ಏನು ಹುಡುಕುತ್ತಾರೆ? ಎಲ್ಲಿ ಬೇಸತ್ತು ಹೊರಗೆ ಹೋಗುತ್ತಾರೆ? ಎಷ್ಟು ಜನ ಫೋನ್ ಅಥವಾ ವಾಟ್ಸಾಪ್ ಗುಂಡಿ ಒತ್ತುತ್ತಾರೆ? ಇಷ್ಟೇ. ಈ ಕಾಗದ ಇಲ್ಲದೆ ನಾನು ಯಾರ ಸೈಟಿಗೂ ಒಂದು ಸಾಲು ಕೋಡ್ ಹಾಕುವುದಿಲ್ಲ. ಪ್ರಶ್ನೆ ಇಲ್ಲದೆ ಹಾಕಿದ ಉಪಕರಣ ವರ್ಷಗಟ್ಟಲೆ ಯಾರೂ ನೋಡದ ಲೆಕ್ಕವನ್ನು ಗುಡ್ಡೆ ಹಾಕುತ್ತಾ ಇರುತ್ತದೆ. ಜೊತೆಗೆ ಗುಡ್ಡಗಾಡಿನ ನಿಧಾನ ನೆಟ್‌ವರ್ಕ್‌ನಲ್ಲಿ ಪುಟವನ್ನು ಇನ್ನಷ್ಟು ಭಾರ ಮಾಡುತ್ತದೆ.

ಮೊದಲು ಹಾಕಿದ್ದು ಸೈಟಿಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್. ಗೂಗಲ್ 2005ರಲ್ಲಿ ಅರ್ಚಿನ್ ಎಂಬ ಕಂಪನಿಯನ್ನು ಕೊಂಡುಕೊಂಡು ಅದೇ ವರ್ಷ ಹೊರತಂದ ಉಪಕರಣ ಇದು. ಹಳೆಯ ಆವೃತ್ತಿ 2023ರ ಜುಲೈ 1ಕ್ಕೆ ಹೊಸ ಲೆಕ್ಕ ತೆಗೆದುಕೊಳ್ಳುವುದನ್ನು ನಿಲ್ಲಿಸಿತು, ಈಗ ಇರುವುದು ಜಿಎ4, ಅಂದರೆ ಗೂಗಲ್ ಅನಲಿಟಿಕ್ಸ್ 4. ಇದರಲ್ಲಿ ಎಲ್ಲವೂ ‘ಈವೆಂಟ್’. ಪುಟ ತೆರೆದದ್ದು ಒಂದು ಈವೆಂಟ್, ಶೇ 90ರಷ್ಟು ಕೆಳಗೆ ಸರಿಸಿದ್ದು ಒಂದು ಈವೆಂಟ್, ಹೊರಗಿನ ಲಿಂಕ್ ಒತ್ತಿದ್ದು ಇನ್ನೊಂದು.

ಖಾತೆ ತೆರೆಯುವಾಗ ಎಲ್ಲರೂ ‘ಮುಂದೆ, ಮುಂದೆ’ ಅಂತ ಒತ್ತಿಕೊಂಡು ಹೋಗುವ ಪುಟಗಳಲ್ಲೇ ಮುಖ್ಯವಾದ ಸಂಗತಿಗಳು ಇರುತ್ತವೆ. ಸಮಯವಲಯವನ್ನು ಭಾರತಕ್ಕೆ ಬದಲಾಯಿಸಬೇಕು. ಇಲ್ಲದಿದ್ದರೆ ಅಮೆರಿಕದ ಹೊತ್ತಿನಲ್ಲಿ ವರದಿ ಬಂದು, ನಮ್ಮ ರಾತ್ರಿ ಊಟದ ನಂತರದ ಹುಡುಕಾಟ ಬೆಳಗಿನ ಹೊತ್ತಿನ ಲೆಕ್ಕಕ್ಕೆ ಸೇರಿಬಿಡುತ್ತದೆ. ಕರೆನ್ಸಿಯನ್ನು ರೂಪಾಯಿ ಮಾಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮಾಹಿತಿ ಉಳಿಸಿಕೊಳ್ಳುವ ಅವಧಿಯನ್ನು ನೋಡಬೇಕು. ಅದು ತಾನಾಗಿಯೇ 2 ತಿಂಗಳಿಗೆ ಇರುತ್ತದೆ, ಉಚಿತ ಖಾತೆಯಲ್ಲಿ 14 ತಿಂಗಳವರೆಗೆ ಏರಿಸಬಹುದು. ಸಾಮಾನ್ಯ ವರದಿಗಳಿಗೆ ಇದು ಅಡ್ಡಿಯಾಗುವುದಿಲ್ಲ, ಆದರೆ ನಾವೇ ಬಗೆದು ನೋಡುವ ‘ಎಕ್ಸ್‌ಪ್ಲೋರೇಷನ್’ ವಿಭಾಗದಲ್ಲಿ ಹಳೆಯ ಲೆಕ್ಕ ಸಿಗುವುದಿಲ್ಲ. ಮಲೆನಾಡಿನ ಪ್ರವಾಸದ ವ್ಯವಹಾರ ನಿಂತಿರುವುದೇ ಋತುವಿನ ಮೇಲೆ. ಜೋಗದಲ್ಲಿ ನೀರು ತುಂಬಿ ಬೀಳುವ ಜುಲೈ-ಆಗಸ್ಟನ್ನು ಮುಂದಿನ ಜುಲೈ-ಆಗಸ್ಟಿನ ಜೊತೆ ಹೋಲಿಸಿದರೆ ಮಾತ್ರ ಅರ್ಥ. ಮಳೆಗಾಲವನ್ನು ಮಾರ್ಚ್ ತಿಂಗಳ ಜೊತೆ ಹೋಲಿಸಿ ‘ಜನ ಜಾಸ್ತಿಯಾದರು’ ಅಂದುಕೊಳ್ಳುವುದರಲ್ಲಿ ಏನೂ ಹುರುಳಿಲ್ಲ. ಆದ್ದರಿಂದ ಮೊದಲ ದಿನವೇ 14 ಅಂತ ಇಟ್ಟುಬಿಡಿ. ಅಳಿಸಿ ಹೋದದ್ದು ಆಮೇಲೆ ವಾಪಸ್ ಬರುವುದಿಲ್ಲ.

ಕೋಡನ್ನು ನೇರವಾಗಿ ಸೈಟಿಗೆ ಅಂಟಿಸದೆ ಗೂಗಲ್‌ನ ಟ್ಯಾಗ್ ಮ್ಯಾನೇಜರ್ ಎಂಬ ಇನ್ನೊಂದು ಉಪಕರಣದ ಮೂಲಕ ಹಾಕಿದೆ. ಒಮ್ಮೆ ಅದರ ತುಣುಕನ್ನು ಸೈಟಿನಲ್ಲಿ ಇಟ್ಟರೆ, ಮುಂದಿನದನ್ನೆಲ್ಲ ಶಿವಮೊಗ್ಗದಲ್ಲೇ ಕೂತು ಸೇರಿಸಬಹುದು, ತೆಗೆಯಬಹುದು. ತೆಗೆಯುವುದು ಸುಲಭವಾಗಿರಬೇಕು ಅನ್ನುವುದೇ ನನಗೆ ಹೆಚ್ಚು ಮುಖ್ಯ.

ಇನ್ನು ಆ ಒತ್ತಿನ ವಿಷಯ. ಜಿಎ4 ಹೊರಗಿನ ಲಿಂಕ್‌ಗಳನ್ನು ತಾನಾಗಿಯೇ ಎಣಿಸುತ್ತದೆ. ವಾಟ್ಸಾಪ್ ಲಿಂಕ್ ಬೇರೆ ವಿಳಾಸಕ್ಕೆ ಹೋಗುವುದರಿಂದ ಅದು ಹೇಗೋ ಆ ರಾಶಿಯಲ್ಲಿ ಸಿಗುತ್ತದೆ. ಫೋನ್ ನಂಬರಿನ ಲಿಂಕ್ ಸಿಗುವುದಿಲ್ಲ. ಅದು ಯಾವ ಸೈಟಿಗೂ ಹೋಗದೆ ನೇರವಾಗಿ ಡಯಲರ್ ತೆರೆಯುತ್ತದೆ, ಆದ್ದರಿಂದ ಜಿಎ4 ಕಣ್ಣಿಗೆ ಅದು ಬೀಳುವುದೇ ಇಲ್ಲ. ನಮಗೆ ಯಾವುದು ಎಲ್ಲಕ್ಕಿಂತ ಮುಖ್ಯವೋ ಅದೇ ಲೆಕ್ಕದಿಂದ ಬಿಟ್ಟುಹೋಗಿರುತ್ತದೆ! ಟ್ಯಾಗ್ ಮ್ಯಾನೇಜರಿನಲ್ಲಿ ಒಂದು ಟ್ರಿಗರ್ ಮಾಡಬೇಕು: ಒತ್ತಿದ ಲಿಂಕಿನ ವಿಳಾಸ ‘ಟೆಲ್’ ಎಂಬುದರಿಂದ ಶುರುವಾದರೆ ಈ ಈವೆಂಟ್ ಕಳಿಸು, ಅಂತ. ಅದಕ್ಕೆ ಮೊದಲು ಅಲ್ಲಿನ ‘ಕ್ಲಿಕ್ ಯುಆರ್‌ಎಲ್’ ಎಂಬ, ಒತ್ತಿದ ಲಿಂಕಿನ ವಿಳಾಸ ಹಿಡಿದಿಡುವ ಚರವನ್ನು (ವೇರಿಯಬಲ್) ಚಾಲೂ ಮಾಡಿರಬೇಕು. ವಾಟ್ಸಾಪ್‌ಗೂ ಹಾಗೆಯೇ ಪ್ರತ್ಯೇಕವಾಗಿ ಒಂದು ಮಾಡಿದೆ, ರಾಶಿಯಿಂದ ಹೆಕ್ಕುವ ಕಷ್ಟ ಬೇಡವೆಂದು. ಪ್ರಿವ್ಯೂ ಹಾಕಿ, ನನ್ನ ಫೋನಿನಿಂದಲೇ ಒತ್ತಿ, ಈವೆಂಟ್ ಹೋಗುವುದನ್ನು ಕಣ್ಣಾರೆ ನೋಡಿದ ಮೇಲೆ ಪ್ರಕಟಿಸಿದೆ. ಕೊನೆಗೆ ಜಿಎ4ನಲ್ಲಿ ಎರಡನ್ನೂ ‘ಕೀ ಈವೆಂಟ್’, ಅಂದರೆ ನಮಗೆ ಮುಖ್ಯವಾದ ಈವೆಂಟ್ ಎಂದು ಗುರುತು ಮಾಡಿದೆ. ಮೊದಲು ‘ಕನ್ವರ್ಷನ್’ ಅನ್ನುತ್ತಿದ್ದುದನ್ನೇ 2024ರಿಂದ ಹೀಗೆ ಕರೆಯುತ್ತಾರೆ. ಇಷ್ಟು ಮಾಡಿದರೆ, ಇನ್‌ಸ್ಟಾಗ್ರಾಂನಿಂದ ಬಂದವರು ಹೆಚ್ಚು ಫೋನ್ ಒತ್ತುತ್ತಾರೋ, ಗೂಗಲ್‌ನಿಂದ ಬಂದವರೋ ಅನ್ನುವುದಕ್ಕೆ ಉತ್ತರ ಸಿಗುತ್ತದೆ.

ಮನೆಯವರ ಭೇಟಿಗಳನ್ನು ಲೆಕ್ಕದಿಂದ ಬಿಡಿಸುವುದು ಇನ್ನೊಂದು ಕೆಲಸ. ಹೋಮ್‌ಸ್ಟೇಯವರ ಮಗ, ಸೊಸೆ, ಬೆಂಗಳೂರಿನ ಅಳಿಯ ಎಲ್ಲರೂ ‘ನಮ್ಮನೆ ಸೈಟ್’ ಅಂತ ತೆಗೆದು ನೋಡುತ್ತಾರೆ. ಸಣ್ಣ ಸೈಟಿನಲ್ಲಿ ಇಷ್ಟೇ ಸಾಕು ಲೆಕ್ಕ ವಾಲಲು. ಐಪಿ ವಿಳಾಸ, ಅಂದರೆ ಇಂಟರ್ನೆಟ್ ಸಂಪರ್ಕಕ್ಕೆ ಸಿಗುವ ಸಂಖ್ಯೆ ಕೊಟ್ಟು ಬಿಡಿಸುವ ವ್ಯವಸ್ಥೆ ಇದೆ, ಆದರೆ ಮೊಬೈಲ್ ಡೇಟಾದಲ್ಲಿ ಆ ವಿಳಾಸ ಬದಲಾಗುತ್ತಲೇ ಇರುತ್ತದೆ. ಹಾಗಾಗಿ ಮನೆಯವರಿಗೆಲ್ಲ ಬೇರೆಯೇ ಒಂದು ಲಿಂಕ್ ಕಳಿಸಿದೆ. ಅದನ್ನು ಒಮ್ಮೆ ತೆರೆದ ಫೋನಿಗೆ ಒಂದು ಗುರುತು ಬೀಳುತ್ತದೆ, ಆಮೇಲೆ ಆ ಫೋನಿನಿಂದ ಲೆಕ್ಕ ಹೋಗುವುದಿಲ್ಲ. ಊರಿನ ಹೆಸರನ್ನೂ ತೀರಾ ನಂಬಬೇಡಿ. ಅದು ಐಪಿ ನೋಡಿ ಮಾಡುವ ಊಹೆ. ಸಾಗರದಲ್ಲಿ ಕೂತು ನಾನು ತೆರೆದ ಭೇಟಿಗಳನ್ನು ಅದು ಬೆಂಗಳೂರು ಎಂದೇ ತೋರಿಸಿದೆ.

ಸಂಖ್ಯೆಗಳು ಬರತೊಡಗಿದವು. ಜನ ಸೈಟಿಗೆ ಬರುತ್ತಿದ್ದರು, ಚೆನ್ನಾಗಿಯೇ ಬರುತ್ತಿದ್ದರು. ಫೋನ್ ಒತ್ತುವವರು ಮಾತ್ರ ತೀರಾ ಕಡಿಮೆ. ಏಕೆ ಎನ್ನುವುದನ್ನು ಅನಲಿಟಿಕ್ಸ್ ಹೇಳುವುದಿಲ್ಲ. ಅದಕ್ಕೆ ಮೈಕ್ರೋಸಾಫ್ಟ್ ಕ್ಲಾರಿಟಿ ಹಾಕಿದೆ. ಇದು ಪೂರ್ತಿ ಉಚಿತ, ಭೇಟಿಗಳ ಸಂಖ್ಯೆಗೆ ಮಿತಿಯೂ ಇಲ್ಲ. ಹಾಟ್‌ಜಾರ್ ಮೊದಲಾದ ಇಂಥದೇ ಉಪಕರಣಗಳೂ ಇವೆ, ಆದರೆ ಹೋಮ್‌ಸ್ಟೇಯಂಥ ವ್ಯವಹಾರಕ್ಕೆ ತಿಂಗಳ ಬಾಡಿಗೆ ಕಟ್ಟಿ ಅವನ್ನು ತರುವ ಅಗತ್ಯ ನನಗೆ ಕಾಣಲಿಲ್ಲ. ಕ್ಲಾರಿಟಿ ಎರಡು ಕೆಲಸ ಮಾಡುತ್ತದೆ. ಜನ ಎಲ್ಲಿ ಒತ್ತಿದರು, ಎಲ್ಲಿಯವರೆಗೆ ಸರಿಸಿದರು ಅನ್ನುವುದನ್ನು ಬಣ್ಣದಲ್ಲಿ ತೋರಿಸುವ ಹೀಟ್‌ಮ್ಯಾಪ್ ಒಂದು. ಒಬ್ಬೊಬ್ಬರ ಭೇಟಿಯನ್ನು ಮತ್ತೆ ಓಡಿಸಿ ತೋರಿಸುವ ರೆಕಾರ್ಡಿಂಗ್ ಇನ್ನೊಂದು. ಅದರಲ್ಲಿ ‘ಡೆಡ್ ಕ್ಲಿಕ್’ ಅಂದರೆ ಒತ್ತಿದರೂ ಏನೂ ಆಗದ ಜಾಗ. ‘ರೇಜ್ ಕ್ಲಿಕ್’ ಅಂದರೆ ಸಿಟ್ಟಿನಿಂದ ಒಂದೇ ಕಡೆ ಮೇಲಿಂದ ಮೇಲೆ ಒತ್ತಿದ್ದು.

ಎರಡೂ ಒಂದೇ ಜಾಗದಲ್ಲಿ ಕಂಡವು. ಮುಖಪುಟದ ಮೇಲ್ಭಾಗದಲ್ಲಿ ದೊಡ್ಡ ಬ್ಯಾನರ್ ಚಿತ್ರ. ತೋಟ, ಹಿನ್ನೀರು, ಮನೆ, ಕೆಳಗೆ ದಪ್ಪ ಹಳದಿ ಅಂಕಿಗಳಲ್ಲಿ ಫೋನ್ ನಂಬರು. ರಸ್ತೆ ಬದಿ ಫ್ಲೆಕ್ಸ್‌ಗೆಂದು ಮಾಡಿಸಿದ ಚಿತ್ರವನ್ನೇ ಸೈಟಿಗೂ ಹಾಕಿದ್ದರು. ಆ ಅಂಕಿಗಳು ಚಿತ್ರದ ಭಾಗ, ಲಿಂಕ್ ಅಲ್ಲ. ಜನ ಅದನ್ನು ಒತ್ತುತ್ತಾರೆ, ಏನೂ ಆಗುವುದಿಲ್ಲ. ಮತ್ತೆ ಒತ್ತುತ್ತಾರೆ. ಚಿತ್ರದಿಂದ ನಂಬರನ್ನು ನಕಲು ಮಾಡಲೂ ಬರುವುದಿಲ್ಲ, ಬಾಯಿಪಾಠ ಮಾಡಿ ಡಯಲ್ ಮಾಡುವಷ್ಟು ತಾಳ್ಮೆ ಯಾರಿಗಿದೆ? ನಿಜವಾದ ಲಿಂಕ್ ಇದ್ದದ್ದು ಪುಟದ ತಳದಲ್ಲಿ. ಅಲ್ಲಿಯವರೆಗೆ ಬರುವವರು ಎಷ್ಟು ಕಡಿಮೆ ಅನ್ನುವುದನ್ನು, ಎಲ್ಲಿಯವರೆಗೆ ಸರಿಸಿದರು ಎಂದು ತೋರಿಸುವ ಹೀಟ್‌ಮ್ಯಾಪ್ ತೋರಿಸಿತು. ಮನೆತನದ ಇತಿಹಾಸ ಮೇಲೆ, ಜೋಗದ ಚಿತ್ರಗಳು ನಡುವೆ, ಕೋಣೆಯ ದರ ಎಲ್ಲಕ್ಕಿಂತ ಕೆಳಗೆ.

‘ಬರುವ ದಾರಿ’ ಪುಟದ್ದು ಬೇರೆ ಕಥೆ. ಅದನ್ನು ತೆರೆದವರು ತಕ್ಷಣ ಹಿಂದಕ್ಕೆ ಹೋಗುತ್ತಿದ್ದರು. ತೆರೆದು ನೋಡಿದರೆ ಪುಟದ ತುಂಬ ಲಾಂಚ್ ಹೊರಡುವ ಸಮಯ, ಲಾಂಚಿನಲ್ಲಿ ಕಾರು ಹತ್ತಿಸುವ ಸಲಹೆ! ಸೇತುವೆ ಆದದ್ದನ್ನು ಟೀವಿಯಲ್ಲಿ ನೋಡಿ ಹೊರಟವರಿಗೆ ಇದನ್ನು ಓದಿದರೆ ಈ ಮನೆ ಈಗ ನಡೆಯುತ್ತಿದೆಯೋ ಇಲ್ಲವೋ ಎಂದೇ ಅನುಮಾನ ಬರಬೇಕು.

ಈ ರೆಕಾರ್ಡಿಂಗ್‌ಗಳನ್ನು ಯಜಮಾನರಿಗೆ ತೋರಿಸಲು ಹೋದಾಗ ಅವರ ಹೆಂಡತಿಯೂ ಬಂದು ಕೂತರು. ನಾನು ಅವರನ್ನು ಅಕ್ಕ ಎಂದೇ ಕರೆಯುವುದು. ಪರದೆಯ ಮೇಲೆ ಯಾರೋ ಅಪರಿಚಿತರ ಬೆರಳು ಒತ್ತಿದ ಕಡೆಯೆಲ್ಲ ಚುಕ್ಕೆ ಮೂಡುತ್ತಿತ್ತು. ಯಜಮಾನರಿಗೆ ಭಾರಿ ಖುಷಿ. ಅಕ್ಕ ಸ್ವಲ್ಪ ಹೊತ್ತು ಸುಮ್ಮನೆ ನೋಡಿ ಕೇಳಿದರು: ‘ಅವರಿಗೆ ಗೊತ್ತಿದ್ಯಾ, ನಾವು ಹೀಗೆ ನೋಡ್ತೀವಿ ಅಂತ? ಜಗಲಿಗೆ ಬಂದವರನ್ನ ಎಲ್ಲಿಂದ ಬಂದ್ರಿ ಅಂತ ಕೇಳೋದು ಬೇರೆ, ಬಾಗಿಲ ಸಂದಿಯಿಂದ ನೋಡ್ತಾ ನಿಂತ್ಕೊಳೋದು ಬೇರೆ ಅಲ್ದಾ?’

ಈ ಕೆಲಸದಲ್ಲಿ ನಾನು ಕೇಳಿದ ಪ್ರಶ್ನೆಗಳಲ್ಲಿ ಇದಕ್ಕಿಂತ ಒಳ್ಳೆಯದು ಇಲ್ಲ. ಹೆಸರು, ಫೋನ್ ನಂಬರು ಟೈಪ್ ಮಾಡಿದರೆ ಅದು ನಮಗೆ ಕಾಣುವುದಿಲ್ಲ, ಕ್ಲಾರಿಟಿ ಅದನ್ನು ಮರೆಮಾಡುತ್ತದೆ ಎಂದು ಅಕ್ಕನಿಗೆ ತೋರಿಸಿದೆ. ಮರೆಮಾಡುವ ಮಟ್ಟವನ್ನು ಅಲ್ಲೇ ಅತ್ಯಂತ ಕಟ್ಟುನಿಟ್ಟಾದದ್ದಕ್ಕೆ ಏರಿಸಿದೆ, ಆಗ ಪುಟದ ಅಕ್ಷರಗಳೆಲ್ಲವೂ ಮುಚ್ಚಿಹೋಗುತ್ತವೆ. ಆದರೂ ಅವರ ಪ್ರಶ್ನೆ ಉಳಿಯುತ್ತದೆ. ಮುಚ್ಚಿಟ್ಟು ನೋಡಿದರೂ ಹೇಳದೆ ನೋಡಿದ್ದು ಹೇಳದೆ ನೋಡಿದ್ದೇ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿತಲ್ಲ, ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ಕಾಯ್ದೆಯಲ್ಲಿ ನನಗೆ ತುಂಬ ಹಿಡಿಸಿದ ಒಂದು ಮಾತಿದೆ: ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಜನರಿಗೆ ಇರಬೇಕು. ಕನ್ನಡ ಅದರಲ್ಲಿದೆ. ಮಕ್ಕಳ ನಡವಳಿಕೆಯ ಜಾಡು ಹಿಡಿಯುವುದಕ್ಕೂ, ಅವರನ್ನು ಗುರಿಯಾಗಿಸಿ ಜಾಹೀರಾತು ಕೊಡುವುದಕ್ಕೂ ಅದೇ ಕಾಯ್ದೆ ತಡೆ ಹಾಕುತ್ತದೆ, 18 ವರ್ಷದ ಒಳಗಿನವರೆಲ್ಲ ಅದರ ಪ್ರಕಾರ ಮಕ್ಕಳೇ. ಶಾಲೆ, ಟ್ಯೂಷನ್ ಸೈಟು ಮಾಡುವವರು ಇದನ್ನು ಗಮನದಲ್ಲಿಡಬೇಕು. ನಾನಂತೂ ಅಂಥ ಸೈಟಿಗೂ, ಆಸ್ಪತ್ರೆ ಸೈಟಿಗೂ ರೆಕಾರ್ಡಿಂಗ್ ಹಾಕಿಕೊಡುವುದಿಲ್ಲ.

ನಿಯಮಗಳು ಬರುವವರೆಗೆ ಕಾಯದೆ, ಅಕ್ಕನ ಎದುರೇ ಕೂತು ಸೂಚನೆ ಬರೆದೆವು. ಅವರಿಗೆ ಅರ್ಥವಾಗದ ಪದವನ್ನೆಲ್ಲ ಹೊಡೆದುಹಾಕಿದೆವು. ಕೊನೆಗೆ ಉಳಿದದ್ದು ಇಷ್ಟು:

‘ನೀವು ಈ ಸೈಟಿನಲ್ಲಿ ಯಾವ ಪುಟ ನೋಡಿದಿರಿ, ಎಲ್ಲಿ ಒತ್ತಿದಿರಿ ಎಂಬುದನ್ನು ಗೂಗಲ್ ಮತ್ತು ಮೈಕ್ರೋಸಾಫ್ಟ್ ಉಪಕರಣಗಳ ಮೂಲಕ ನಾವು ನೋಡುತ್ತೇವೆ. ಸೈಟಿನಲ್ಲಿ ಏನು ಸರಿಯಿಲ್ಲ ಎಂದು ತಿಳಿಯಲು ಮಾತ್ರ ಇದು. ನೀವು ಟೈಪ್ ಮಾಡಿದ್ದು ನಮಗೆ ಕಾಣುವುದಿಲ್ಲ. ಬೇಡವೆಂದರೂ ಸೈಟನ್ನು ಪೂರ್ತಿ ನೋಡಬಹುದು.’

ಕೆಳಗೆ ಒಂದೇ ಗಾತ್ರದ ಎರಡು ಗುಂಡಿ: ‘ಆಗಬಹುದು’, ‘ಬೇಡ’. ‘ಬೇಡ’ ಎಂದವರಿಗೆ ಟ್ಯಾಗ್ ಮ್ಯಾನೇಜರ್ ಎರಡೂ ಉಪಕರಣಗಳನ್ನು ಚಾಲೂ ಮಾಡುವುದೇ ಇಲ್ಲ. ಇದರಿಂದ ಲೆಕ್ಕಕ್ಕೆ ಸಿಗುವವರು ಕಡಿಮೆಯಾಗುತ್ತಾರೆ, ನಿಜ. ಜನ ಎಲ್ಲಿ ಎಡವುತ್ತಾರೆ ಎಂದು ತಿಳಿಯಲು ಎಲ್ಲರ ಜಾಡೂ ಬೇಕಾಗಿಲ್ಲ. ‘ಬೇಡ’ ಗುಂಡಿಯನ್ನು ಸಣ್ಣದು ಮಾಡಿ, ಬೂದು ಬಣ್ಣ ಬಳಿದು ಮೂಲೆಗೆ ತಳ್ಳುವುದನ್ನು ಎಷ್ಟೋ ಸೈಟುಗಳಲ್ಲಿ ನೋಡಿದ್ದೇನೆ. ಹಾಗೆ ಪಡೆದದ್ದನ್ನು ಒಪ್ಪಿಗೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಬ್ಯಾನರಿನ ನಂಬರನ್ನು ನಿಜವಾದ ಲಿಂಕ್ ಮಾಡಿದೆ. ದರವನ್ನು ಮೇಲಕ್ಕೆ ತಂದೆ. ದಾರಿಯ ಪುಟವನ್ನು ಸೇತುವೆಗೆ ತಕ್ಕಂತೆ ಹೊಸದಾಗಿ ಬರೆದೆ, ತಾಳಗುಪ್ಪದವರೆಗೆ ರೈಲಿನಲ್ಲಿ ಬರುವವರಿಗೂ ಎರಡು ಸಾಲು ಸೇರಿಸಿದೆ. ಫೋನ್ ಒತ್ತುವವರು ಕೂಡಲೇ ಹೆಚ್ಚಾದರು. ಆದರೆ ಯಜಮಾನರು ಹೇಳಿದ್ದು: ‘ಇಲ್ಲ ತಂಗೀ, ಅಷ್ಟೆಲ್ಲ ಫೋನ್ ಬಂದಿಲ್ಲ.’

ವೆಬ್‌ಸೈಟಿನ ಲೆಕ್ಕ ಒತ್ತಿನವರೆಗೆ ಮಾತ್ರ ಬರುತ್ತದೆ, ಕರೆ ಹೋಯಿತೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಹಾಗಾಗಿ ಫೋನಿನ ಪಕ್ಕ ಒಂದು ನೋಟ್‌ಬುಕ್ ಇಡಿಸಿದ್ದೆ. ಕರೆ ಬಂದ ದಿನ, ಹೊತ್ತು, ‘ಎಲ್ಲಿ ನೋಡಿದ್ರಿ’ ಎಂದು ಕೇಳಿ ಅದರ ಉತ್ತರ, ಇಷ್ಟನ್ನು ಅಕ್ಕ ಬರೆಯುತ್ತಿದ್ದರು. ಆ ಪುಸ್ತಕವನ್ನು ಅನಲಿಟಿಕ್ಸ್ ಪಕ್ಕ ಇಟ್ಟು ನೋಡಿದರೆ ಕಾರಣ ಕಣ್ಣಿಗೆ ಹೊಡೆಯುತ್ತಿತ್ತು. ಮಳೆ ಜೋರಾಗಿದ್ದ ದಿನಗಳಲ್ಲಿ, ಸಂಜೆ ಕರೆಂಟ್ ಹೋದ ಹೊತ್ತುಗಳಲ್ಲಿ, ಒತ್ತು ಇದೆ, ಕರೆ ಇಲ್ಲ. ಮನೆಯೊಳಗೆ ಮೊಬೈಲ್ ಸಿಗ್ನಲ್ ಮೊದಲೇ ಅಷ್ಟಕ್ಕಷ್ಟೆ, ಕರೆಂಟ್ ಹೋದರೆ ಅದೂ ಇಲ್ಲ. ಕರೆ ಮಾಡಿದವರಿಗೆ ‘ಸಂಪರ್ಕ ಪ್ರದೇಶದ ಹೊರಗಿದ್ದಾರೆ’ ಎಂಬ ಧ್ವನಿ. ಅವರು ಮುಂದಿನ ಹೋಮ್‌ಸ್ಟೇಗೆ ಫೋನ್ ಮಾಡುತ್ತಾರೆ, ಇವರಿಗೆ ಕರೆ ಬಂದದ್ದೂ ತಿಳಿಯುವುದಿಲ್ಲ.

ಮನೆಗೆ ಫೈಬರ್ ಇಂಟರ್ನೆಟ್ ಇದೆ, ವೈಫೈಗೆ ಬ್ಯಾಟರಿ ಬ್ಯಾಕಪ್ ಇದೆ. ಆದ್ದರಿಂದ ಗುಂಡಿಗಳ ಸ್ಥಾನ ಬದಲಿಸಿದೆ. ವಾಟ್ಸಾಪ್ ಮೊದಲು, ಫೋನ್ ಆಮೇಲೆ, ಪಕ್ಕದಲ್ಲಿ ‘ಮಳೆಗಾಲದಲ್ಲಿ ಸಿಗ್ನಲ್ ಇರುವುದಿಲ್ಲ, ಮೆಸೇಜ್ ಹಾಕಿ, ನಾವೇ ಮಾತಾಡಿಸುತ್ತೇವೆ’ ಎಂಬ ಸಾಲು. ಕರೆ ಸಿಗದೆ ಹೋದರೆ ಹೋಯಿತು, ಆದರೆ ಮೆಸೇಜ್ ಕಾಯುತ್ತದೆ. ಅದೇ ಯಜಮಾನರ ಆತಂಕವನ್ನು ಕಡಿಮೆ ಮಾಡಿದ್ದು. ಈ ಒಂದು ತೀರ್ಮಾನಕ್ಕೆ ಬರಲು ಅನಲಿಟಿಕ್ಸ್ ಒಂದೇ ಸಾಕಾಗುತ್ತಿರಲಿಲ್ಲ, ಅಕ್ಕನ ನೋಟ್‌ಬುಕ್ ಒಂದೇ ಇದ್ದರೂ ಸಾಕಾಗುತ್ತಿರಲಿಲ್ಲ.

ಉಪ್ಪಿನಕಾಯಿ, ಜೇನು ಮಾರುವವರಿಗೆ ಇದರ ಜೊತೆ ಇನ್ನೊಂದು ಮಾತು. ವಾಟ್ಸಾಪ್ ಗುಂಪಿನಲ್ಲಿ ಹಂಚಿದ ಲಿಂಕ್‌ನಿಂದ ಬಂದವರನ್ನೂ, ಬಾಟಲಿಯ ಮೇಲಿನ ಕ್ಯೂಆರ್ ಕೋಡ್‌ನಿಂದ ಬಂದವರನ್ನೂ ಅನಲಿಟಿಕ್ಸ್ ಸಾಮಾನ್ಯವಾಗಿ ‘ಡೈರೆಕ್ಟ್’ ಎಂಬ ಒಂದೇ ಗುಂಪಿಗೆ ಹಾಕುತ್ತದೆ. ಲಿಂಕಿನ ಬಾಲಕ್ಕೆ ಯುಟಿಎಂ ಎಂಬ, ಬಂದ ದಾರಿ ತಿಳಿಸುವ ಗುರುತು ಸೇರಿಸಿ. ಮೂಲ, ಮಾಧ್ಯಮ, ಪ್ರಚಾರದ ಹೆಸರು ಎಂದು ಮೂರು ಇದ್ದರೆ ಸಾಕು. ಆಗ ಹಳೆಯ ಬಾಟಲಿ ಖಾಲಿಯಾಗಿ ಮತ್ತೆ ಬಂದವರು ಯಾರು, ಗುಂಪಿನಲ್ಲಿ ನೋಡಿ ಹೊಸದಾಗಿ ಬಂದವರು ಯಾರು ಅನ್ನುವುದು ಬೇರೆ ಬೇರೆಯಾಗಿ ಕಾಣುತ್ತದೆ. ಮಿಡಿಯ ಕಾಲ ಚಿಕ್ಕದು, ಲೇಬಲ್ ಅಚ್ಚಿಗೆ ಕೊಡುವ ಮೊದಲೇ ಇದನ್ನು ಮಾಡಬೇಕು. ಅಚ್ಚಾದ ಮೇಲೆ ಕ್ಯೂಆರ್ ಬದಲಿಸಲು ಬರುವುದಿಲ್ಲ.

ಹೋಮ್‌ಸ್ಟೇ ಸೈಟಿನಿಂದ ಕ್ಲಾರಿಟಿಯನ್ನು ದೀಪಾವಳಿಯ ಹೊತ್ತಿಗೆ ತೆಗೆದುಬಿಟ್ಟೆ. ಕಾಗದದ ಮೇಲೆ ಬರೆದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು, ಇನ್ನು ಇಟ್ಟುಕೊಳ್ಳಲು ಕಾರಣ ಇರಲಿಲ್ಲ. ಸೂಚನೆಯಿಂದ ಮೈಕ್ರೋಸಾಫ್ಟ್ ಹೆಸರನ್ನೂ ಅಳಿಸಿದೆ. ಅನಲಿಟಿಕ್ಸ್ ಮತ್ತು ಎರಡು ಒತ್ತಿನ ಲೆಕ್ಕ ಮುಂದುವರಿದಿದೆ. ಈಗ ಯಜಮಾನರಿಗೆ ಹೊಸ ಪ್ರಶ್ನೆ ಹುಟ್ಟಿದೆ. ಲಾಂಚ್ ಇದ್ದಾಗ ಸಂಜೆಯಾದರೆ ಜನ ಈ ದಡದಲ್ಲೇ ಉಳಿಯುತ್ತಿದ್ದರು. ಸೇತುವೆ ಆದ ಮೇಲೆ ಸಿಗಂದೂರು ನೋಡಿ ಅದೇ ದಿನ ವಾಪಸ್ ಹೋಗುವವರೇ ಹೆಚ್ಚಾದರೆ ಕೋಣೆಗಳ ಗತಿ ಏನು? ಅದಕ್ಕೆ ‘ಮಧ್ಯಾಹ್ನದ ಊಟ ಮಾತ್ರ’ ಎಂದು ಬೇರೆ ಪುಟ, ಬೇರೆ ವಾಟ್ಸಾಪ್ ಗುಂಡಿ ಮಾಡಿ, ಅದರ ಒತ್ತನ್ನು ಕೋಣೆಯ ಒತ್ತಿನಿಂದ ಬೇರೆಯಾಗಿ ಎಣಿಸಲು ಹಾಕಿದ್ದೇನೆ. ಅಕ್ಕ ನೋಟ್‌ಬುಕ್ಕಿನಲ್ಲಿ ಊಟಕ್ಕೆಂದು ಇನ್ನೊಂದು ಕಾಲಂ ಎಳೆದಿದ್ದಾರೆ. ಬರುವ ಮಳೆಗಾಲದ ಲೆಕ್ಕ ಕೈಗೆ ಬಂದ ಮೇಲೆ, ಅಡುಗೆಮನೆ ದೊಡ್ಡದು ಮಾಡುವುದೋ ಕೋಣೆ ಹೆಚ್ಚಿಸುವುದೋ ಎಂದು ಕೂತು ಮಾತಾಡುವುದೆಂದು ಒಪ್ಪಿಕೊಂಡಿದ್ದೇವೆ.